ಮಾತು ಹಾಡಾಗುವ ಜಾಗ: ‘ರೆಂಟ್’ ಸಿನಿಮಾ ಕಟ್ಟಿದ ಬಗೆ

ಎಲ್ಲರಿಗೂ ನಮಸ್ಕಾರ. ಸಂಗೀತಮಯ ಸಿನಿಮಾ ಮಾಡಹೊರಟವರು ಎಲ್ಲಕ್ಕಿಂತ ಹೆಚ್ಚು ತಲೆಕೆಡಿಸಿಕೊಳ್ಳಬೇಕಾದ್ದು ಒಂದೆರಡು ಸೆಕೆಂಡಿನ ಬಗ್ಗೆ. ಅಲ್ಲಿಯವರೆಗೆ ಮಾತಾಡುತ್ತಿದ್ದ ಪಾತ್ರ ಬಾಯಿ ತೆರೆದು ಹಾಡಲು ಶುರುಮಾಡುವ ಹೊತ್ತು ಅದು. ಅಲ್ಲಿ ಪ್ರೇಕ್ಷಕರು ನಂಬಿದರೆ ಮುಂದಿನ ಮೂರು ನಿಮಿಷ ನಿಮ್ಮದು. ನಂಬದಿದ್ದರೆ ಎಂಥ ರಾಗ ಹಾಕಿದರೂ ಅವರು ಹೊರಗೇ ಕೂತಿರುತ್ತಾರೆ. ಇಬ್ಬರು ಗಂಡಸರ ಅಥವಾ ಇಬ್ಬರು ಹೆಂಗಸರ ಪ್ರೇಮದ ಕಥೆಯಲ್ಲಿ ಈ ಹೊತ್ತಿನ ಮೇಲೆ ಇನ್ನೂ ಒಂದು ಭಾರ ಬೀಳುತ್ತದೆ. ಮಾತಿನಲ್ಲಿ ಮುಚ್ಚಿಟ್ಟುಕೊಂಡು ದಿನ ಕಳೆಯಬಹುದು. ಹಾಡುವುದೆಂದರೆ ಎದೆ ತುಂಬ ಉಸಿರೆಳೆದು ಎಲ್ಲರ ಎದುರು ಹೇಳಿಬಿಡುವುದು. ಆಗ ಕ್ಯಾಮೆರಾ ಎಲ್ಲಿ ನಿಂತಿದೆ, ಯಾರ ಮುಖ ನೋಡುತ್ತಿದೆ ಅನ್ನುವುದರಲ್ಲೇ ಆ ಸಿನಿಮಾದ ನಿಲುವು ತಿಳಿದುಬಿಡುತ್ತದೆ.

ಇದನ್ನು 2005ರ ‘ರೆಂಟ್’ ಇಟ್ಟುಕೊಂಡು ನೋಡೋಣ. ಜೊನಾಥನ್ ಲಾರ್ಸನ್ ಬರೆದ ಅದೇ ಹೆಸರಿನ ಸಂಗೀತ ನಾಟಕದ ಸಿನಿಮಾ ರೂಪ ಅದು. ಆ ಹೊತ್ತು ಚೆನ್ನಾಗಿ ಕೂಡಿಬಂದ ಜಾಗಗಳೂ ಅದರಲ್ಲಿವೆ, ಕೈಕೊಟ್ಟ ಜಾಗಗಳೂ ಇವೆ. ಎರಡಕ್ಕೂ ಕಾರಣ ಬೆರಳಿಟ್ಟು ತೋರಿಸಬಹುದು.

ಕಥೆ ನ್ಯೂಯಾರ್ಕಿನ ಈಸ್ಟ್ ವಿಲೇಜಿನದು. ಬಾಡಿಗೆ ಕಟ್ಟಲಾಗದ ಕಲಾವಿದರ ಗುಂಪು. ಮಾರ್ಕ್ ಸಿನಿಮಾ ಮಾಡಬೇಕೆನ್ನುವವನು. ಅವನ ಜೊತೆ ಮನೆ ಹಂಚಿಕೊಂಡಿರುವ ರೋಜರ್ ಸಾಯುವ ಮೊದಲು ಒಂದಾದರೂ ಒಳ್ಳೆಯ ಹಾಡು ಬರೆಯಬೇಕೆನ್ನುವ ಗಿಟಾರಿಸ್ಟ್. ಮಿಮಿ ಕ್ಲಬ್ಬಿನಲ್ಲಿ ಕುಣಿಯುವವಳು. ಏಂಜೆಲ್ ಬೀದಿಯಲ್ಲಿ ಪ್ಲಾಸ್ಟಿಕ್ ಬಕೆಟ್ ಬಾರಿಸಿ ಹೊಟ್ಟೆ ಹೊರೆಯುವ ಡ್ರ್ಯಾಗ್ ಕಲಾವಿದೆ (ಗಂಡಾಗಿ ಹುಟ್ಟಿ ಹೆಣ್ಣಿನ ವೇಷ ತೊಡುವವಳು), ಅವಳನ್ನು ಪ್ರೀತಿಸುವವನು ತತ್ವಶಾಸ್ತ್ರದ ಮೇಷ್ಟ್ರು ಕಾಲಿನ್ಸ್. ಮಾರ್ಕ್‌ನನ್ನು ಬಿಟ್ಟುಹೋದ ಮೊರೀನ್ ಪ್ರತಿಭಟನೆಯ ಪ್ರದರ್ಶನ ಕೊಡುವ ಕಲಾವಿದೆ, ಈಗ ಅವಳು ವಕೀಲೆ ಜೊಆನ್ ಜೊತೆಗಿದ್ದಾಳೆ. ಇವರಲ್ಲಿ ರೋಜರ್, ಮಿಮಿ, ಕಾಲಿನ್ಸ್, ಏಂಜೆಲ್ ನಾಲ್ವರಿಗೂ ಎಚ್‌ಐವಿ ಇದೆ.

ಇದರ ಬೇರು ಇಟಲಿಯ ಸಂಗೀತ ಸಂಯೋಜಕ ಪುಚ್ಚೀನಿಯ ‘ಲಾ ಬೊಹೆಮ್’ ಅಪೆರಾದಲ್ಲಿದೆ. ಅಪೆರಾ ಅಂದರೆ ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ನಾಟಕ. 1896ರಲ್ಲಿ ಇಟಲಿಯ ತುರಿನ್‌ನಲ್ಲಿ ಅದರ ಮೊದಲ ಪ್ರದರ್ಶನವಾಯಿತು. ಅಲ್ಲಿನ ಮಿಮಿಗೆ ಕ್ಷಯ, ಇಲ್ಲಿನ ಮಿಮಿಗೆ ಎಚ್‌ಐವಿ. ಇಷ್ಟು ಎಲ್ಲರಿಗೂ ಕಾಣುತ್ತದೆ. ಜೊನಾಥನ್ ಲಾರ್ಸನ್ ಮಾಡಿದ ನಿಜವಾದ ಕೆಲಸ ಇದಕ್ಕಿಂತ ಆಳದ್ದು. ಅಪೆರಾದಲ್ಲಿ ಶೋನಾರ್ ಮತ್ತು ಕೊಲ್ಲೀನ್ ಬರೀ ಗೆಳೆಯರು. ನಗಿಸಲು ಬರುತ್ತಾರೆ, ನಾಯಕನ ಪಕ್ಕ ನಿಲ್ಲುತ್ತಾರೆ. ಲಾರ್ಸನ್ ಆ ಇಬ್ಬರನ್ನೇ ಏಂಜೆಲ್ ಮತ್ತು ಕಾಲಿನ್ಸ್ ಮಾಡಿ, ಇಡೀ ನಾಟಕದ ಅತ್ಯಂತ ಗಟ್ಟಿಯಾದ ಪ್ರೇಮವನ್ನು ಅವರ ಕೈಗೆ ಕೊಟ್ಟ. ಅಪೆರಾದ ಮುಸೆಟ್ಟಾ ಇಲ್ಲಿ ಮೊರೀನ್ ಆಗಿ ಒಬ್ಬ ಹೆಣ್ಣನ್ನು ಪ್ರೀತಿಸುತ್ತಾಳೆ. ಹೊಸ ಪಾತ್ರ ತಂದು ಸೇರಿಸುವ ಬದಲು, ಮೂಲದ ಚೌಕಟ್ಟಿನಲ್ಲಿ ಅಂಚಿನಲ್ಲಿ ನಿಂತವರನ್ನು ನಡುವಿಗೆ ಎಳೆದ. ಹಳೆಯ ಕಥೆಯೊಂದನ್ನು ಕ್ವಿಯರ್ (ಗಂಡುಹೆಣ್ಣಿನ ಮಾಮೂಲಿ ಚೌಕಟ್ಟಿನಾಚೆಯ) ಪ್ರೇಮಕಥೆಯಾಗಿ ಮರುಬರೆಯುವವರು ಮೊದಲು ಹುಡುಕಬೇಕಾದ್ದು ಇಂಥ ಜೋಡಿಯನ್ನು.

ಲಾರ್ಸನ್ ತನ್ನ ನಾಟಕದ ಯಶಸ್ಸು ನೋಡಲಿಲ್ಲ. 1996ರ ಜನವರಿ 25ರಂದು, ನ್ಯೂಯಾರ್ಕ್ ಥಿಯೇಟರ್ ವರ್ಕ್‌ಶಾಪ್‌ನಲ್ಲಿ ಮೊದಲ ಪೂರ್ವಪ್ರದರ್ಶನ ಇದ್ದ ದಿನ ಬೆಳಗಿನ ಜಾವ, ಮಹಾಪಧಮನಿ ಸೀಳಿ ತೀರಿಕೊಂಡ. ವಯಸ್ಸು 35. ಅದೇ ಏಪ್ರಿಲ್ 29ಕ್ಕೆ ನಾಟಕ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಪ್ರದೇಶವಾದ ಬ್ರಾಡ್‌ವೇಯ ನೆದರ್‌ಲ್ಯಾಂಡರ್ ರಂಗಮಂದಿರಕ್ಕೆ ಬಂತು, ಪುಲಿಟ್ಜರ್ ಪ್ರಶಸ್ತಿ ಪಡೆಯಿತು, 2008ರ ಸೆಪ್ಟೆಂಬರ್‌ವರೆಗೆ 5,123 ಪ್ರದರ್ಶನ ಕಂಡಿತು. ವಾದ್ಯದವರು ಐದೇ ಮಂದಿ, ವೇದಿಕೆಯ ಮೇಲೆಯೇ ಕೂತು ನುಡಿಸುವವರು. ಮುಖ್ಯವಾದ ಸಂಗತಿ, ನಾಟಕ ಹೆಚ್ಚುಕಡಿಮೆ ಪೂರ್ತಿ ಹಾಡಿನಲ್ಲೇ ಇದೆ. ಅಮ್ಮನ ಫೋನ್ ಸಂದೇಶವೂ ಹಾಡು, ಬಾಡಿಗೆ ಕೇಳಲು ಬಂದವನ ಬೆದರಿಕೆಯೂ ಹಾಡು.

ಸಿನಿಮಾ ಎಡವಿದ್ದು ಇಲ್ಲೇ. ನಿರ್ದೇಶಕ ಕ್ರಿಸ್ ಕೊಲಂಬಸ್, ಚಿತ್ರಕಥೆ ಸ್ಟೀಫನ್ ಚಬಾಸ್ಕಿ. ಬಜೆಟ್ ಸುಮಾರು 4 ಕೋಟಿ ಡಾಲರ್, ಗಳಿಸಿದ್ದು 3 ಕೋಟಿ ಚಿಲ್ಲರೆ. ಚಿತ್ರಕಥೆಯಲ್ಲಿ ಹಾಡಿನ ಸಂಭಾಷಣೆಗಳ ಬಹುಭಾಗ ಮಾತಾಯಿತು. ಸಿನಿಮಾ ಪ್ರೇಕ್ಷಕರಿಗೆ ಸರಾಗವಾಗಲಿ ಅನ್ನುವುದು ಉದ್ದೇಶ, ಆದರೆ ಆದದ್ದು ತಿರುಗುಮುರುಗು. ಶುರುವಿನಿಂದ ಕೊನೆತನಕ ಎಲ್ಲರೂ ಹಾಡುತ್ತಲೇ ಇದ್ದರೆ, ಮೊದಲ ಐದು ನಿಮಿಷದಲ್ಲಿ ಪ್ರೇಕ್ಷಕರ ಕಿವಿ ‘ಈ ಲೋಕದಲ್ಲಿ ಜನ ಹೀಗೇ ಮಾತಾಡುತ್ತಾರೆ’ ಅಂತ ಒಪ್ಪಿಕೊಂಡುಬಿಡುತ್ತದೆ. ಮತ್ತೆ ಕೇಳುವುದಿಲ್ಲ. ಹತ್ತು ನಿಮಿಷ ಮಾತು, ಮೂರು ನಿಮಿಷ ಹಾಡು ಅಂತ ಮಾಡಿದರೆ ಪ್ರತಿ ಹಾಡಿಗೂ ಒಂದು ಹೊಲಿಗೆ ಹಾಕಬೇಕಾಗುತ್ತದೆ, ಪ್ರತಿ ಹೊಲಿಗೆಯೂ ಬಿಚ್ಚಿಕೊಳ್ಳುವ ಅಪಾಯ ಇರುತ್ತದೆ. ಇನ್ನೊಂದು ತೊಂದರೆ: ಲಾರ್ಸನ್ ಪ್ರಾಸ ಹಾಕಿ ಬರೆದ ಸಾಲುಗಳಲ್ಲಿ ಕೆಲವನ್ನು ಹಾಗೇ ಮಾತಿನಂತೆ ಆಡಿಸಿದ್ದಾರೆ. ಲಯ ತೆಗೆದ ಮೇಲೆ ಪ್ರಾಸ ಕೋಲಿನಂತೆ ಎದ್ದು ನಿಲ್ಲುತ್ತದೆ. ಹಾಡನ್ನು ಮಾತು ಮಾಡಬೇಕೆಂದಿದ್ದರೆ ಮೊದಲು ಪ್ರಾಸ ಒಡೆಯಬೇಕು, ಆಮೇಲೆ ವಾಕ್ಯದ ಅನುಕ್ರಮ ಬದಲಿಸಬೇಕು, ಕೊನೆಗೆ ಅದನ್ನು ನಟರ ಬಾಯಲ್ಲಿ ಆಡಿಸಿ ಕೇಳಬೇಕು.

ಹಾಗಾದರೆ ಹೊಲಿಗೆ ಕಾಣದಂತೆ ಮಾಡುವುದು ಹೇಗೆ? ಕಲಾವಿದರ ಕಥೆಗೆ ಒಂದು ಅನುಕೂಲ ಇದೆ, ಅದನ್ನು ಬಳಸಿಕೊಳ್ಳಬೇಕು. ಪಾತ್ರಗಳು ಹೇಗೂ ಹಾಡುವವರು, ಕುಣಿಯುವವರು. ‘ಔಟ್ ಟುನೈಟ್’ ನೋಡಿ. ಮಿಮಿ ಕ್ಲಬ್ಬಿನ ವೇದಿಕೆಯಲ್ಲಿ ಕುಣಿಯುತ್ತಿದ್ದಾಳೆ. ಅದು ಅವಳ ಕೆಲಸ, ಅಲ್ಲಿ ಹಾಡಿದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ. ಆಮೇಲೆ ಅದೇ ಹಾಡು ಹಿಡಿದುಕೊಂಡು ಬೀದಿಗೆ ಬರುತ್ತಾಳೆ, ರೋಜರ್‌ನ ಮನೆ ಮುಟ್ಟುತ್ತಾಳೆ. ಹಾಡು ನೌಕರಿಯಿಂದ ಶುರುವಾಗಿ ಆಸೆಯಲ್ಲಿ ಮುಗಿಯುತ್ತದೆ. ಎಲ್ಲಿ ಗಡಿ ದಾಟಿತೆಂದು ಹೇಳಲು ಬರುವುದಿಲ್ಲ. ‘ಲೈಟ್ ಮೈ ಕ್ಯಾಂಡಲ್’ ಇನ್ನೊಂದು ದಾರಿ ಹಿಡಿಯುತ್ತದೆ. ಕರೆಂಟಿಲ್ಲದ ಮನೆಯ ಬಾಗಿಲು ತಟ್ಟಿ ಮಿಮಿ ಮೇಣದಬತ್ತಿಗೆ ಬೆಂಕಿ ಕೇಳುತ್ತಾಳೆ. ಸಾಲುಗಳು ತೀರಾ ಗಿಡ್ಡ, ಪ್ರಶ್ನೆ, ಉತ್ತರ, ಮತ್ತೆ ಪ್ರಶ್ನೆ. ಸ್ವರದ ಏರಿಳಿತವೂ ಮಾತಿನ ಏರಿಳಿತದ ಆಸುಪಾಸಿನಲ್ಲೇ. ನಾಚಿಕೆಯ ಸಂಭಾಷಣೆಯೇ ಹಾಡಾಗಿ ನಿಂತಿದೆ. ನಾಟಕದ ಹಾಡು-ಸಂಭಾಷಣೆಯನ್ನು ಸಿನಿಮಾ ಉಳಿಸಿಕೊಂಡ ಕೆಲವೇ ಜಾಗಗಳಲ್ಲಿ ಇದು ಒಂದು.

ನಮ್ಮ ಯಕ್ಷಗಾನ ಬಲ್ಲವರಿಗೆ ಇದು ಹೊಸ ಸಮಸ್ಯೆ ಅನಿಸುವುದಿಲ್ಲ. ಅಲ್ಲಿ ಪದ ಭಾಗವತರದು, ಕುಣಿತ ಮತ್ತು ಅರ್ಥ ವೇಷಧಾರಿಯದು. ಹಾಡುವ ಬಾಯಿಯೇ ಬೇರೆಯಾದ್ದರಿಂದ ದಾಟುವ ಮುಜುಗರ ಇಲ್ಲ. ನಮ್ಮ ಸಿನಿಮಾದ ಹಿನ್ನೆಲೆ ಗಾಯನವೂ ಈ ಅಭ್ಯಾಸದ ಮೇಲೇ ನಿಂತಿದೆ. ‘ರೆಂಟ್’ ಅಂಥ ಸಿನಿಮಾಗಳಲ್ಲಿ ಮಾತಾಡುವ ದನಿಯೂ ಹಾಡುವ ದನಿಯೂ ಒಬ್ಬರದೇ. ಹಾಗಾಗಿ ತಂತ್ರಜ್ಞಾನದ ಕಡೆಯಿಂದ ಬಹಳ ಎಚ್ಚರ ಬೇಕು. ಇನ್ನು ಅದಕ್ಕೆ ಬರೋಣ.

ಮಾಮೂಲಿ ಕ್ರಮ ಹೀಗೆ. ಚಿತ್ರೀಕರಣಕ್ಕೆ ಮೊದಲೇ ಸ್ಟುಡಿಯೋದಲ್ಲಿ ಹಾಡು ರೆಕಾರ್ಡ್ ಆಗುತ್ತದೆ. ಸೆಟ್ಟಿನಲ್ಲಿ ಪ್ಲೇಬ್ಯಾಕ್ ಆಪರೇಟರ್ ಅದನ್ನು ಸ್ಪೀಕರಿನಲ್ಲಿ ಹಾಕುತ್ತಾರೆ, ನಟರು ಅದಕ್ಕೆ ತುಟಿ ಸೇರಿಸುತ್ತಾರೆ. ಟ್ರ್ಯಾಕಿನ ಜೊತೆ ಟೈಮ್‌ಕೋಡ್, ಅಂದರೆ ಹಾಡು ಎಲ್ಲಿಗೆ ಬಂದಿದೆ ಅಂತ ತೋರಿಸುವ ಸಮಯದ ಅಂಕಿ, ಓಡುತ್ತಿರುತ್ತದೆ. ಕ್ಲ್ಯಾಪ್ ಬೋರ್ಡಿನ ಮೇಲೆ ಆ ಅಂಕಿ ಕಾಣುತ್ತದೆ. ಎಡಿಟರ್ ಆ ಅಂಕಿ ನೋಡಿ ಪ್ರತಿ ಟೇಕನ್ನು ಮೂಲ ಹಾಡಿನ ಮೇಲೆ ಕೂರಿಸುತ್ತಾರೆ.

ತಪ್ಪುವುದು ಎಲ್ಲೆಲ್ಲಿ?

ಒಂದು, ವೇಗ. ಸಿನಿಮಾದ ಒಂದೊಂದು ಬಿಡಿ ಚಿತ್ರವೂ ಒಂದು ಫ್ರೇಮ್. ಕ್ಯಾಮೆರಾ ಸೆಕೆಂಡಿಗೆ 23.976 ಫ್ರೇಮಿನಲ್ಲಿ, ಎಡಿಟಿಂಗ್ ಟೈಮ್‌ಲೈನ್ 24ರಲ್ಲಿ ಇದ್ದರೆ ವ್ಯತ್ಯಾಸ ಸಾವಿರಕ್ಕೆ ಒಂದು. ಏನೂ ಅಲ್ಲ ಅನಿಸುತ್ತದೆ. ಮೂರು ನಿಮಿಷದ ಹಾಡಿನ ಕೊನೆಗೆ ಅದು 0.18 ಸೆಕೆಂಡ್, ಅಂದರೆ ನಾಲ್ಕು ಫ್ರೇಮಿಗೂ ಮಿಕ್ಕಿದ ವ್ಯತ್ಯಾಸ. ಪಲ್ಲವಿಯಲ್ಲಿ ಸರಿಯಿದ್ದ ತುಟಿ ಕೊನೆಯ ಚರಣದಲ್ಲಿ ತಪ್ಪಿರುತ್ತದೆ. ಮೊದಲ ದಿನವೇ ಕ್ಯಾಮೆರಾ, ಸೌಂಡ್ ರೆಕಾರ್ಡರ್, ಪ್ಲೇಬ್ಯಾಕ್, ಎಡಿಟಿಂಗ್ ನಾಲ್ಕೂ ಕಡೆ ಒಂದೇ ಅಂಕಿ ಬರೆದಿಡಬೇಕು.

ಎರಡು, ದೂರ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 24 ಫ್ರೇಮಿನ ಲೆಕ್ಕದಲ್ಲಿ ಸುಮಾರು 14 ಮೀಟರಿಗೆ ಒಂದು ಫ್ರೇಮ್. ಬೀದಿಯಲ್ಲಿ ಸ್ಪೀಕರ್ ಒಂದು ತುದಿಯಲ್ಲಿಟ್ಟು, ನಟರು 30 ಮೀಟರ್ ಆಚೆಯಿದ್ದರೆ ಅವರು ಎರಡು ಫ್ರೇಮ್ ತಡವಾಗಿಯೇ ಹಾಡುತ್ತಾರೆ. ಅವರ ತಪ್ಪಲ್ಲ, ಅವರಿಗೆ ಕೇಳಿಸಿದ್ದೇ ಆಗ. ಶಬ್ದ ಮುಂದಾದರೆ ಸುಮಾರು 45 ಮಿಲಿಸೆಕೆಂಡಿಗೇ ನೋಡುಗರಿಗೆ ಗೊತ್ತಾಗುತ್ತದೆ, ಹಿಂದಾದರೆ 125ರವರೆಗೆ ಕ್ಷಮೆ ಇದೆ. ಒಂದು ಫ್ರೇಮ್ ಅಂದರೆ 42 ಮಿಲಿಸೆಕೆಂಡ್. ತುಟಿ ತಡವಾದರೆ ಶಬ್ದ ಮುಂದಾದಂತೆ, ಕ್ಷಮೆ ಇಲ್ಲದ ಕಡೆಗೇ ಬೀಳುತ್ತದೆ. ಸಣ್ಣ ಸ್ಪೀಕರುಗಳನ್ನು ನಟರ ಹತ್ತಿರವೇ ಫ್ರೇಮಿನ ಅಂಚಿನಲ್ಲಿ ಬಚ್ಚಿಡಿ, ಇಲ್ಲವೆ ಕಿವಿಯೊಳಗೆ ಕಾಣದಂತೆ ಕೂರುವ ಇಯರ್‌ಪೀಸ್ ಕೊಡಿ.

ಎಡಿಟ್ ಮಾಡುವಾಗ ಎಲ್ಲ ಅಕ್ಷರಗಳನ್ನೂ ನೋಡುತ್ತ ಕೂರಬೇಕಿಲ್ಲ. ಪ, ಬ, ಮ ನೋಡಿದರೆ ಸಾಕು. ಇವುಗಳಿಗೆ ಎರಡೂ ತುಟಿ ಮುಚ್ಚಲೇಬೇಕು. ‘ಮ’ ಕೇಳುವ ಫ್ರೇಮಿನಲ್ಲಿ ಬಾಯಿ ತೆರೆದಿದ್ದರೆ ಅದು ಅಲ್ಲಿಗೆ ಕೂತಿಲ್ಲ ಅಂತಲೇ ಅರ್ಥ. ತುಟಿಗಿಂತ ಕಟು ಪರೀಕ್ಷೆ ವಾದ್ಯದ್ದು. ಏಂಜೆಲ್ ಬಕೆಟ್ ಬಾರಿಸುವಂಥ ದೃಶ್ಯದಲ್ಲಿ ಕೋಲು ಪ್ಲಾಸ್ಟಿಕ್ಕಿಗೆ ತಾಗುವುದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ, ಒಂದು ಫ್ರೇಮ್ ತಪ್ಪಿದರೂ ಮುಚ್ಚಿಡಲು ಆಗುವುದಿಲ್ಲ. ಬಕೆಟ್ಟಿನ ಒಳಗೆ ಫೋಮ್ ತುಂಬಿ ಸದ್ದಡಗಿಸಿ, ನಟರು ನಿಜವಾಗಿಯೇ ಬಾರಿಸಲಿ. ಪೆಟ್ಟಿನ ಸದ್ದನ್ನು ಆಮೇಲೆ ಒಂದೊಂದಾಗಿ ಕೂರಿಸಬಹುದು.

ಮೂರನೆಯದು ಉಸಿರು, ಇದಕ್ಕೆ ಹೆಚ್ಚು ಜನ ಗಮನ ಕೊಡುವುದಿಲ್ಲ. ಸೆಟ್ಟಿನಲ್ಲಿ ದನಿ ರೆಕಾರ್ಡ್ ಆಗುವುದಿಲ್ಲ ಅಂತ ನಟರು ಬರೀ ತುಟಿ ಆಡಿಸುತ್ತಾರೆ. ಆಗ ಕುತ್ತಿಗೆಯ ನರ ಬಿಗಿಯುವುದಿಲ್ಲ, ಪಕ್ಕೆ ಏಳುವುದಿಲ್ಲ, ಮೇಲಿನ ಸ್ವರಕ್ಕೆ ಹುಬ್ಬು ಏರುವುದಿಲ್ಲ. ಪ್ರೇಕ್ಷಕರಿಗೆ ಏನು ತಪ್ಪಿದೆ ಅಂತ ಹೇಳಲು ಬರುವುದಿಲ್ಲ, ಸುಳ್ಳು ಅಂತ ಮಾತ್ರ ಅನಿಸುತ್ತದೆ. ಸೆಟ್ಟಿನಲ್ಲಿ ಗಟ್ಟಿಯಾಗಿಯೇ ಹಾಡಬೇಕು. ರೆಕಾರ್ಡಿಂಗಿನಲ್ಲೂ ಉಸಿರೆಳೆದ ಸದ್ದನ್ನು ಅಳಿಸಿ ನುಣುಪು ಮಾಡಬಾರದು. ಆ ಉಸಿರೇ ನಟರಿಗೆ ಸೆಟ್ಟಿನಲ್ಲಿ ಸಿಗುವ ಸುಳಿವು.

ನಾಲ್ಕನೆಯದು ದನಿಯ ಜಾಗ. ಮಾತು ರೆಕಾರ್ಡ್ ಆದದ್ದು ಬೀದಿಯಲ್ಲಿ, ತಲೆಯ ಮೇಲೆ ಒಂದು ಮೀಟರ್ ದೂರದಲ್ಲಿ ಕೋಲಿನ ತುದಿಗೆ ಕಟ್ಟಿ ಹಿಡಿದ ಬೂಮ್ ಮೈಕಿನಲ್ಲಿ. ಹಾಡಿನ ಮೊದಲ ಸಾಲು ರೆಕಾರ್ಡ್ ಆದದ್ದು ಸ್ಟುಡಿಯೋದಲ್ಲಿ, ಗೇಣು ದೂರದ ಮೈಕಿನಲ್ಲಿ. ಒಂದರ ಪಕ್ಕ ಇನ್ನೊಂದು ಇಟ್ಟರೆ ಬೀದಿಯಲ್ಲಿದ್ದ ಮನುಷ್ಯ ಒಮ್ಮೆಲೇ ಪೆಟ್ಟಿಗೆಯೊಳಗೆ ಹೊಕ್ಕಂತೆ ಕೇಳುತ್ತದೆ. ಇದಕ್ಕೆ ಮಾಡಬೇಕಾದ್ದು: ಹಾಡಿಗೆ ಮೊದಲಿನ ಎರಡು ಸಾಲು ಮಾತನ್ನು ಸ್ಟುಡಿಯೋದಲ್ಲೂ ಒಮ್ಮೆ ಹೇಳಿಸಿ ಇಟ್ಟುಕೊಳ್ಳಿ, ಹಾಡಿನ ಮೊದಲ ಎರಡು ಸಾಲನ್ನು ಸ್ಥಳದಲ್ಲೂ ವಾದ್ಯವಿಲ್ಲದೆ ಹಾಡಿಸಿ ಇಟ್ಟುಕೊಳ್ಳಿ. ಸ್ಥಳದ ಬರೀ ಮೌನವನ್ನೂ ಒಂದು ನಿಮಿಷ ರೆಕಾರ್ಡ್ ಮಾಡಿ. ಮಿಕ್ಸಿಂಗಿನಲ್ಲಿ ಬೀದಿಯ ಸದ್ದು, ಹೆಜ್ಜೆ ಸದ್ದು, ಬಟ್ಟೆಯ ಸರಬರ ಹಾಡಿನ ಕೆಳಗೂ ಮೊದಲ ಹತ್ತು ಸೆಕೆಂಡು ಓಡಲಿ, ಆಮೇಲೆ ನಿಧಾನವಾಗಿ ಇಳಿಯಲಿ. ವಾದ್ಯವೂ ಹಾಡಿನ ಜೊತೆ ಒಟ್ಟಿಗೆ ಬರಬಾರದು, ಮಾತು ನಡೆಯುವಾಗಲೇ ಎಲ್ಲೋ ಕೆಳಗೆ ಹೊಕ್ಕಿರಬೇಕು.

ಸ್ಥಳದಲ್ಲೇ ನೇರವಾಗಿ ಹಾಡಿಸಿದರೆ ಈ ತಾಪತ್ರಯಗಳು ಬಹುಪಾಲು ಹೋಗುತ್ತವೆ. 2012ರ ‘ಲೇ ಮಿಸೆರಾಬ್ಲ್’ ಹಾಗೆ ಮಾಡಿತು. ನಟರ ಕಿವಿಯಲ್ಲಿ ಪಿಯಾನೊ, ಬಾಯಲ್ಲಿ ನೇರ ಹಾಡು, ವಾದ್ಯಮೇಳ ಆಮೇಲೆ. ಒಬ್ಬರೇ ನಿಂತು ಅಳುತ್ತ ಹಾಡುವ ಹಾಡಿಗೆ ಅದು ಬಹಳ ಒಳ್ಳೆಯದು. ‘ರೆಂಟ್’ನಂಥ ರಾಕ್ ಸಂಗೀತಕ್ಕೆ, ಮೇಜಿನ ಮೇಲೆ ಹತ್ತಿ ಕುಣಿಯುವ ‘ಲಾ ವೀ ಬೊಹೆಮ್’ನಂಥ ಗುಂಪು ಹಾಡಿಗೆ ಅದು ಹೊಂದುವುದಿಲ್ಲ. ಡ್ರಮ್ಸ್ ಮತ್ತು ಗಿಟಾರ್ ಲಯ ಬಿಟ್ಟುಕೊಡುವುದಿಲ್ಲ, ಕುಣಿಯುವವರ ಉಸಿರು ಹಾಡಿಗೆ ಉಳಿಯುವುದಿಲ್ಲ. ಎರಡನ್ನೂ ಬೆರೆಸಿ, ಮೊದಲ ಸಾಲು ನೇರ, ಮುಂದಿನದು ಪ್ಲೇಬ್ಯಾಕ್ ಅಂತ ಮಾಡುವುದು ಸಣ್ಣ ತಂಡಗಳಿಗೆ ಒಳ್ಳೆಯ ದಾರಿ.

ಈಗ ‘ಐ ವಿಲ್ ಕವರ್ ಯು’ ಹಾಡಿಗೆ ಬರೋಣ. ‘ರೆಂಟ್’ನ ಜೀವ ಇರುವುದು ಇಲ್ಲಿ. ಏಂಜೆಲ್ ಮತ್ತು ಕಾಲಿನ್ಸ್ ಹಗಲು ಬೆಳಕಿನಲ್ಲಿ, ಬೀದಿಯಲ್ಲಿ ನಡೆಯುತ್ತ ಹಾಡುತ್ತಾರೆ. ನಾನು ನಿನಗೆ ಸೂರಾಗುತ್ತೇನೆ, ನೀನು ಪ್ರೀತಿಯಲ್ಲೇ ಬಾಡಿಗೆ ಕಟ್ಟು ಅನ್ನುವ ಭಾವ. ಮನೆಯಿಂದ ಹೊರಹಾಕುವ ನೋಟಿಸಿನ ಕಥೆಯಲ್ಲಿ ಮನೆ ಅನ್ನುವುದಕ್ಕೆ ಬೇರೆ ಅರ್ಥ ಬರುವುದು ಈ ಇಬ್ಬರಿಂದ. ರೋಜರ್-ಮಿಮಿ ಪ್ರೇಮ ರಾತ್ರಿಯದು, ಕತ್ತಲೆ ಕೋಣೆಯದು, ಬಾಗಿಲು ಮುಚ್ಚಿ ತೆರೆಯುವಂಥದು. ಈ ಜೋಡಿಗೆ ಬಾಗಿಲೇ ಇಲ್ಲ. ಬಹಳ ಸಿನಿಮಾಗಳಲ್ಲಿ ಸಲಿಂಗ ಪ್ರೇಮಕ್ಕೆ ಕತ್ತಲೆ, ಒಳಕೋಣೆ, ನೀಲಿ ದೀಪ ಸಿಗುತ್ತದೆ. ಇಲ್ಲಿ ಬಿಸಿಲು ಸಿಕ್ಕಿದೆ. ಕಾಲಿನ್ಸ್ ಪಾತ್ರದ ಜೆಸ್ಸಿ ಎಲ್. ಮಾರ್ಟಿನ್ ದನಿ ದಪ್ಪ, ಏಂಜೆಲ್ ಪಾತ್ರದ ವಿಲ್ಸನ್ ಜೆರ್ಮೇನ್ ಹೆರೆಡಿಯಾ ದನಿ ತೆಳು ಮತ್ತು ಎತ್ತರ. ಎರಡೂ ಗಂಡು ದನಿಯಾದರೂ ಒಂದರ ಮೇಲೊಂದು ಬೀಳದೆ ಪಕ್ಕಪಕ್ಕ ನಿಲ್ಲುತ್ತವೆ. ಇಬ್ಬರದೂ ಒಂದೇ ಎತ್ತರದ ದನಿಯಾಗಿದ್ದರೆ ಯಾರು ಹಾಡುತ್ತಿದ್ದಾರೆ ಅಂತ ಕಣ್ಣು ಮುಚ್ಚಿದರೆ ತಿಳಿಯುತ್ತಿರಲಿಲ್ಲ. ಹಾಗಾಗಿ ಇಂಥ ಯುಗಳ ಗೀತೆಗೆ ನಟರನ್ನು ಆರಿಸುವಾಗ ಇಬ್ಬರನ್ನೂ ಒಟ್ಟಿಗೆ ಹಾಡಿಸಿ, ಕಣ್ಣು ಮುಚ್ಚಿಕೊಂಡು ಕೇಳಿ.

ಅದೇ ಹಾಡು ಏಂಜೆಲ್ ಸತ್ತ ಮೇಲೆ ಚರ್ಚಿನಲ್ಲಿ ಮತ್ತೆ ಬರುತ್ತದೆ, ಕಾಲಿನ್ಸ್ ಒಬ್ಬನ ದನಿಯಲ್ಲಿ, ಬಹಳ ನಿಧಾನವಾಗಿ. ಮೊದಲ ಸಲ ಏಂಜೆಲ್ ಹಾಡಿದ್ದ ಸಾಲುಗಳನ್ನು ಅವನೇ ಹಾಡಬೇಕು. ಆಮೇಲೆ ಸುತ್ತಲಿನವರ ದನಿಯಲ್ಲಿ ‘ಸೀಸನ್ಸ್ ಆಫ್ ಲವ್’ ಬಂದು ಅದರೊಳಗೆ ಸೇರುತ್ತದೆ. 5,25,600 ನಿಮಿಷ, ಒಂದು ವರ್ಷದ ಲೆಕ್ಕ. ಮರುಹಾಡು ಬರೆಯುವವರು ಇದನ್ನು ಗಮನಿಸಬೇಕು. ಸಾಹಿತ್ಯ ಬದಲಿಸಿಲ್ಲ, ವೇಗ ಬದಲಾಗಿದೆ, ದನಿ ಒಂದು ಕಡಿಮೆಯಾಗಿದೆ. ಅಷ್ಟರಿಂದಲೇ ಕೆಲಸ ಆಗಿದೆ. ಮೊದಲ ಹಾಡಿನಲ್ಲಿ ಇಬ್ಬರ ನಡುವೆ ಸಾಲು ಹಂಚುವಾಗಲೇ ಮುಂದೆ ಯಾರ ಸಾಲು ಖಾಲಿ ಬೀಳಬೇಕು ಅಂತ ಯೋಚಿಸಿರಬೇಕು.

ಪ್ರೇಮದ ಹಾಡಿನಲ್ಲಿ ಮುತ್ತಿಗೆ ಜಾಗ ಬಿಡುವುದು ಸಂಗೀತ ಸಂಯೋಜಕರ ಕೆಲಸ. ಹಾಡುತ್ತಿರುವ ಬಾಯಿ ಮುತ್ತು ಕೊಡಲಾರದು. ನಿಮಿಷಕ್ಕೆ 120 ಬೀಟಿನ ಹಾಡಿನಲ್ಲಿ ನಾಲ್ಕು ಬಾರ್ (ಒಂದು ಬಾರ್ ಅಂದರೆ ನಾಲ್ಕು ಬೀಟಿನ ಒಂದು ಸುತ್ತು) ಬರೀ ವಾದ್ಯಕ್ಕೆ ಬಿಟ್ಟರೆ ಎಂಟು ಸೆಕೆಂಡು ಸಿಗುತ್ತದೆ, ಹತ್ತಿರ ಬಂದು, ಮುತ್ತು ಕೊಟ್ಟು, ಬೇರೆಯಾಗಲು ಅಷ್ಟು ಸಾಕು. ಎರಡೇ ಬಾರ್ ಬಿಟ್ಟರೆ ಎಡಿಟಿಂಗಿನಲ್ಲಿ ಅದು ಕತ್ತರಿಗೆ ಬೀಳುತ್ತದೆ, ಆಮೇಲೆ ‘ಸಮಯ ಇರಲಿಲ್ಲ’ ಅನ್ನುವುದು ನೆಪವಾಗುತ್ತದೆ. ಬಾರುಗಳನ್ನು ಎಣಿಸಿ ಮೊದಲೇ ಬರೆದಿಡಿ. ನಟರಿಬ್ಬರ ಒಪ್ಪಿಗೆಯನ್ನೂ ಬರಹದಲ್ಲಿ ಪಡೆಯಿರಿ: ಎಲ್ಲಿ ಮುಟ್ಟಬಹುದು, ಎಷ್ಟು ಹೊತ್ತು, ಎಷ್ಟು ಟೇಕ್, ಆಗ ಸೆಟ್ಟಿನಲ್ಲಿ ಯಾರ್ಯಾರು ಇರಬಹುದು. ಇಂಥ ದೃಶ್ಯಗಳಲ್ಲಿ ನಟರ ಒಪ್ಪಿಗೆ, ಸುರಕ್ಷತೆ ನೋಡಿಕೊಳ್ಳುವ ಇಂಟಿಮಸಿ ಕೋಆರ್ಡಿನೇಟರ್ ಇಡುವಷ್ಟು ಹಣ ಇಲ್ಲದಿದ್ದರೂ ಈ ಹಾಳೆಗೆ ಖರ್ಚಿಲ್ಲ.

ಮೊರೀನ್-ಜೊಆನ್ ವಿಷಯದಲ್ಲಿ ಸಿನಿಮಾ ನಾಟಕಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. ‘ಟೇಕ್ ಮಿ ಆರ್ ಲೀವ್ ಮಿ’ ಜಗಳದ ಹಾಡನ್ನು ಅವರ ನಿಶ್ಚಿತಾರ್ಥದ ಪಾರ್ಟಿಗೆ ತಂದಿದ್ದಾರೆ. ಎರಡೂ ಮನೆಯವರು ನೋಡುತ್ತ ನಿಂತಿರುವಾಗ ಇಬ್ಬರೂ ದನಿಯೆತ್ತಿ ಜಗಳವಾಡುತ್ತಾರೆ. ನ್ಯೂಯಾರ್ಕಿನಲ್ಲಿ ಇಂಥ ಮದುವೆಗೆ ಕಾನೂನಿನ ಮಾನ್ಯತೆ ಸಿಕ್ಕಿದ್ದು 2011ರಲ್ಲಿ, ಕಥೆ ನಡೆಯುವುದು ಅದಕ್ಕಿಂತ ಇಪ್ಪತ್ತು ವರ್ಷ ಹಿಂದೆ. ಕಾನೂನು ಬರುವ ಮೊದಲೇ ಬೀಗರ ಎದುರು ಎರಡು ಹೆಣ್ಣುಗಳು ಯಾವುದೇ ಗಂಡಹೆಂಡಿರಂತೆ ಕಿತ್ತಾಡುವುದು ಬಹಳ ಸಂತೋಷದ ದೃಶ್ಯ.

ಇನ್ನು ಕೈಕೊಟ್ಟ ಜಾಗಗಳು. ಏಂಜೆಲ್ ಸತ್ತ ಮೇಲಿನ ‘ಗುಡ್‌ಬೈ ಲವ್’ ಹಾಡಿನ ಎರಡನೆಯ ಭಾಗವನ್ನು ಚಿತ್ರೀಕರಿಸಿ, ಆಮೇಲೆ ಕತ್ತರಿಸಿದರು. ಮಾರ್ಕ್ ಮತ್ತು ರೋಜರ್ ಒಬ್ಬರ ಹೇಡಿತನವನ್ನು ಇನ್ನೊಬ್ಬರು ಮುಖಕ್ಕೆ ಹೇಳುವ, ಅದನ್ನು ಮಿಮಿ ಕೇಳಿಸಿಕೊಳ್ಳುವ ಭಾಗ ಅದು. ಅದಿಲ್ಲದೆ ರೋಜರ್ ಊರು ಬಿಟ್ಟು ಸಾಂಟಾ ಫೆಗೆ ಹೋದದ್ದು ಯಾಕೆ, ಮಿಮಿ ಕುಸಿದದ್ದು ಯಾಕೆ ಎರಡೂ ಸಡಿಲವಾದವು. ಸಾವಿನ ಹಾಡಿನ ನಂತರ ಇನ್ನೊಂದು ಭಾರದ ಹಾಡು ಬೇಡ ಅನಿಸುವುದು ಸಹಜ. ಆದರೆ ಹಾಡು ಕಥೆಯನ್ನು ಮುಂದೆ ತಳ್ಳುತ್ತಿದ್ದರೆ ಅದನ್ನು ತೆಗೆದ ಕಡೆ ಒಂದು ದೃಶ್ಯವನ್ನಾದರೂ ಇಡಬೇಕು. ಮಾರ್ಕ್ ಒಬ್ಬನೇ ಹಾಡುವ ‘ಹ್ಯಾಲೊವೀನ್’ ಸಹ ಹೋಯಿತು. ಅದು ಆಲೋಚನೆಯ ಹಾಡು, ಅದರಿಂದ ಕಥೆಗೆ ಅಷ್ಟು ಪೆಟ್ಟಾಗಲಿಲ್ಲ. ಯಾವ ಹಾಡು ತೆಗೆಯಬಹುದು ಅಂತ ನೋಡಲು ಸುಲಭದ ದಾರಿ ಇದೆ. ಹಾಡಿಗೆ ಮೊದಲು ಪಾತ್ರಕ್ಕೆ ಏನು ಗೊತ್ತಿತ್ತು, ಹಾಡಿನ ನಂತರ ಏನು ಗೊತ್ತಾಯಿತು ಅಂತ ಎರಡು ಸಾಲು ಬರೆಯಿರಿ. ಎರಡೂ ಒಂದೇ ಆಗಿದ್ದರೆ ತೆಗೆಯಬಹುದು.

ವಯಸ್ಸಿನ ಪ್ರಶ್ನೆಯೂ ಇದೆ. ಎಂಟು ಮುಖ್ಯ ಪಾತ್ರಗಳಲ್ಲಿ ಆರಕ್ಕೆ 1996ರ ಬ್ರಾಡ್‌ವೇ ನಟರನ್ನೇ ಕರೆದರು. ಹೊಸಬರು ಮಿಮಿ ಪಾತ್ರಕ್ಕೆ ರೊಸಾರಿಯೊ ಡಾಸನ್, ಜೊಆನ್ ಪಾತ್ರಕ್ಕೆ ಟ್ರೇಸಿ ಥಾಮ್ಸ್. ಮೂಲ ನಟರ ಹಾಡುಗಾರಿಕೆ ಉಳಿಯಿತು, ಅದು ದೊಡ್ಡ ಲಾಭ. ಆದರೆ ಅವರೆಲ್ಲ ಆಗಲೇ ಮೂವತ್ತು ದಾಟಿದ್ದರು. ರಂಗದಲ್ಲಿ ಹತ್ತನೆಯ ಸಾಲಿನಿಂದ ಕಾಣದ್ದು ಕ್ಲೋಸಪ್ಪಿನಲ್ಲಿ ಕಾಣುತ್ತದೆ. ಇಪ್ಪತ್ತೆರಡರ ಹುಡುಗ ಬಾಡಿಗೆ ಕಟ್ಟಲ್ಲ ಅಂದರೆ ಹುರುಪು, ಮೂವತ್ತೈದರವನು ಅಂದರೆ ಬೇರೆಯದೇ ಅರ್ಥ.

ವರ್ಷ ಗೊತ್ತುಮಾಡಿದ್ದರಿಂದಲೂ ಹೊಸ ತೊಡಕಾಯಿತು. ನಾಟಕದಲ್ಲಿ ಕಾಲ ಸ್ವಲ್ಪ ಮಸುಕಾಗಿತ್ತು. ಸಿನಿಮಾ 1989ರ ಡಿಸೆಂಬರ್ 24 ಅಂತ ಬರೆದಿಟ್ಟಿತು. ಆಮೇಲೆ ಏಂಜೆಲ್ ತನ್ನ ಹಾಡಿನಲ್ಲಿ ‘ಥೆಲ್ಮಾ ಅಂಡ್ ಲೂಯಿಸ್’ ಹೆಸರು ಹೇಳುತ್ತಾಳೆ, ಆ ಸಿನಿಮಾ ಬಂದದ್ದು 1991ರಲ್ಲಿ. ವರ್ಷ ಹಾಕಿದ ಕೂಡಲೇ ಹಾಡಿನ ಪ್ರತಿ ಸಾಲನ್ನೂ ಅದರ ಎದುರು ಹಿಡಿದು ನೋಡಬೇಕು. ಆ ವರ್ಷಕ್ಕೆ ಬೇರೆ ತೂಕವೂ ಇದೆ. ಎಚ್‌ಐವಿಗೆ ಕೊಡುವ ಎಝಡ್‌ಟಿ ಔಷಧಿಗೆ ಅಮೆರಿಕದಲ್ಲಿ 1987ರಲ್ಲಿ ಒಪ್ಪಿಗೆ ಸಿಕ್ಕಿತು, ಕಥೆಯ ಜನ ಗಂಟೆ ಹೊಡೆದಾಗ ನುಂಗುವುದು ಅದನ್ನೇ. ರೋಗವನ್ನು ನಿಜವಾಗಿ ಹತೋಟಿಗೆ ತಂದ ಹೊಸ ಬಗೆಯ ಔಷಧಿಗಳಲ್ಲಿ ಮೊದಲನೆಯದು ಬಂದದ್ದು 1995ರ ಕೊನೆಗೆ, ನಾಟಕ ರಂಗಕ್ಕೆ ಬರುವ ಕೆಲವೇ ವಾರ ಮುಂಚೆ. 2005ರ ಪ್ರೇಕ್ಷಕರಿಗೆ ಈ ಅಂತರ ತಾನಾಗಿ ತಿಳಿಯುವುದಿಲ್ಲ, ಅದನ್ನು ದೃಶ್ಯದಲ್ಲೇ ಕಟ್ಟಿಕೊಡಬೇಕಿತ್ತು. ‘ವಿದೌಟ್ ಯು’ ಹಾಡಿನಲ್ಲಿ ಮಾತ್ರ ಸಿನಿಮಾ ಅದನ್ನು ಮಾಡಿದೆ. ಬೆಂಬಲ ಗುಂಪಿನ ಕುರ್ಚಿಗಳಿಂದ ಒಬ್ಬೊಬ್ಬರೇ ಇಲ್ಲವಾಗುತ್ತ ಹೋಗುತ್ತಾರೆ.

ಕನ್ನಡದಲ್ಲಿ ಇಂಥದ್ದು ಮಾಡಬೇಕೆಂದು ಬಂದಿರುವವರು ಇಲ್ಲಿ ಕೆಲವರಿದ್ದೀರಿ. ಲೆಕ್ಕ ಹಾಕಿಕೊಳ್ಳಿ. ಮೂರು ನಿಮಿಷದ ಹಾಡನ್ನು ಏಳು ತುಂಡು ಮಾಡಿ, ಪ್ರತಿ ತುಂಡಿಗೆ ಮೂರು ಕೋನ, ಪ್ರತಿ ಕೋನಕ್ಕೆ ನಾಲ್ಕು ಟೇಕ್ ಅಂದರೆ 84 ಟೇಕ್. ಒಂದಕ್ಕೆ ನಾಲ್ಕು ನಿಮಿಷ ಹಿಡಿದರೂ ಐದೂವರೆ ಗಂಟೆ ಮೀರುತ್ತದೆ, ಬೆಳಕು ಬದಲಿಸುವ ಹೊತ್ತು ಬೇರೆ. ದಿನಕ್ಕೆ ಒಂದೇ ಹಾಡು ಇಟ್ಟುಕೊಳ್ಳಿ. ಹಾಡು ರೆಕಾರ್ಡ್ ಮಾಡುವ ಮೊದಲೇ ದೃಶ್ಯವನ್ನು ನಡೆಸಿ ಅಭ್ಯಾಸ ಮಾಡಿ, ಇಲ್ಲದಿದ್ದರೆ ನಿಂತು ಹಾಡಿದ ಭಾವಕ್ಕೆ ಓಡುತ್ತ ತುಟಿ ಸೇರಿಸಬೇಕಾಗುತ್ತದೆ.

ಶ್ರುತಿಯ ವಿಷಯದಲ್ಲಿ ನಿಮಗೆ ಅನುಕೂಲವೇ ಇದೆ. ನಮ್ಮ ಶಾಸ್ತ್ರೀಯ ಹಾಡುಗಾರಿಕೆಯಲ್ಲಿ ಗಂಡು ದನಿಯ ಶ್ರುತಿ ಸಿ, ಸಿ ಶಾರ್ಪ್ ಆಸುಪಾಸು, ಹೆಣ್ಣು ದನಿಯದು ಜಿ ಆಸುಪಾಸು. ಗಂಡುಹೆಣ್ಣಿನ ಯುಗಳ ಗೀತೆಯಲ್ಲಿ ಯಾರೋ ಒಬ್ಬರು ಸಂಕಟಪಡುತ್ತಾರೆ. ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ಒಂದೇ ಶ್ರುತಿಯಲ್ಲಿ ನೆಮ್ಮದಿಯಾಗಿ ಹಾಡಬಹುದು. ಆಗ ದನಿಯ ಬಣ್ಣ ಬೇರೆ ಇರಬೇಕು ಅನ್ನುವುದಷ್ಟೇ ಎಚ್ಚರ. ಸಾಹಿತ್ಯ ಬರೆಯುವವರು ಪೂರ್ತಿ ನಾನು-ನೀನು ಎಂದೇ ಬರೆದರೆ ಯಾರು ಯಾರಿಗೆ ಹಾಡುತ್ತಿದ್ದಾರೆ ಅನ್ನುವುದು ಹಾಡಿನಲ್ಲಿ ಉಳಿಯುವುದಿಲ್ಲ, ರೇಡಿಯೋದಲ್ಲಿ ಕೇಳಿದವರು ಮಾಮೂಲಿ ಯುಗಳ ಗೀತೆ ಅಂದುಕೊಳ್ಳುತ್ತಾರೆ. ಒಂದು ಕಡೆಯಾದರೂ ‘ಅವನು’ ಅಥವಾ ‘ಅವಳು’ ಬರಲಿ.

‘ರೆಂಟ್’ ಹಾಡುಗಳನ್ನೇ ಕನ್ನಡಕ್ಕೆ ತಂದು ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕಲು ಹೋಗಬೇಡಿ. ಭಾಷಾಂತರಕ್ಕೂ ದೃಶ್ಯದ ಜೊತೆ ಬಳಸುವುದಕ್ಕೂ ಬೇರೆ ಬೇರೆ ಅನುಮತಿ ಬೇಕು. ಹೊಸ ಹಾಡು ಬರೆಸಿ. ಸಾಹಿತಿ, ಸಂಯೋಜಕರ ಜೊತೆ ಮೊದಲ ದಿನವೇ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ. ಭಾರತದ ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ, ಚಿತ್ರಮಂದಿರದಾಚೆಗೆ ಹಾಡು ಬಳಕೆಯಾದಾಗ ಬರುವ ರಾಯಲ್ಟಿಯಲ್ಲಿ ಅವರಿಗೆ ಪಾಲು ಇದೆ, ಅದನ್ನು ಒಪ್ಪಂದದಲ್ಲಿ ಬರೆಸಿಕೊಂಡು ಕಿತ್ತುಕೊಳ್ಳಲು ಬರುವುದಿಲ್ಲ. ಚಿತ್ರಮಂದಿರಕ್ಕೆ ಹೋಗುವುದಾದರೆ ಸೆನ್ಸಾರ್ ಪ್ರಮಾಣಪತ್ರ ಬೇಕು. 2024ರ ನಿಯಮಗಳಲ್ಲಿ ಯುಎ ಅನ್ನುವುದು 7, 13, 16 ವರ್ಷ ಅಂತ ಮೂರಾಗಿದೆ. ಅಮೆರಿಕದಲ್ಲಿ ‘ರೆಂಟ್’ಗೆ ಸಿಕ್ಕಿದ್ದು ಪಿಜಿ-13, ಅಂದರೆ 13ರ ಕೆಳಗಿನ ಮಕ್ಕಳ ವಿಷಯದಲ್ಲಿ ಹೆತ್ತವರಿಗೆ ಎಚ್ಚರಿಕೆ. ನಿಮ್ಮ ಸಿನಿಮಾ ಯಾವ ವಯಸ್ಸಿನವರಿಗೆ ತಲುಪಬೇಕು ಅಂತ ಚಿತ್ರಕಥೆಯ ಹಂತದಲ್ಲೇ ಗೊತ್ತುಮಾಡಿಕೊಳ್ಳಿ. ಮುತ್ತಿನ ಆ ನಾಲ್ಕು ಬಾರಿಗೆ ಹತ್ತಿರದ ಶಾಟಿನ ಜೊತೆ ದೂರದ ಶಾಟನ್ನೂ ಪೂರ್ತಿ ತೆಗೆದಿಡಿ. ಬದಲಾವಣೆ ಮಾಡಿ ಅಂತ ಹೇಳಿದರೆ ಶಾಟ್ ಬದಲಿಸಬಹುದು, ಬಾರ್ ಕತ್ತರಿಸಬೇಕಾಗಿ ಬರುವುದಿಲ್ಲ, ಹಾಡಿನ ಲಯವೂ ಮುರಿಯುವುದಿಲ್ಲ.